ಕಾಲಿಲ್ಲದವನ ಚಪ್ಪಲಿ

ಚೌಕಾಸಿ ಮಾಡದೆ ಹೂಂ ಅನ್ನುವ ಗಿರಾಕಿಯನ್ನು ನಾನು ನಂಬುವುದಿಲ್ಲ. ಸೋಲಾಪುರದಲ್ಲಿ ನಮ್ಮದು ಚಾದರಿನ ಅಂಗಡಿ. ಅಣ್ಣ ಗಲ್ಲಾಪೆಟ್ಟಿಗೆಯ ಮುಂದೆ, ನಾನು ಪಕ್ಕದ ಗಾದಿಯ ಮೇಲೆ, ಹೀಗೆ ಕೂತು ಕೂತೇ ನನ್ನ ತಲೆ ಬೆಳ್ಳಗಾಗಿದೆ. ಬಣ್ಣ ಸರಿಯಿಲ್ಲ, ಅಂಚು ದಪ್ಪ, ಬಾಜೂ ಅಂಗಡಿಯಲ್ಲಿ ಇದಕ್ಕಿಂತ ಸೋವಿ ಅಂತ ತಗಾದೆ ತೆಗೆಯುವವರು ಕಡೆಗೆ ಕೊಂಡೇ ಹೋಗುತ್ತಾರೆ. "ಭಾಳ ಛಂದ ಐತ್ರಿ, ತೆಗೆದಿಡ್ರಿ, ಬರ್ತೀನಿ" ಅಂದವರ ಮುಖ ಮತ್ತೆ ಕಾಣುವುದಿಲ್ಲ.

ಅದಕ್ಕೇ ಬುಧವಾರ ಸಂಜೆ ಶೈಲೇಶ "ಆತಪಾ" ಅಂದಾಗ ನನಗೆ ನಂಬಿಕೆ ಬರಲಿಲ್ಲ.

ಶೈಲೇಶ ನನ್ನ ಅಣ್ಣ ಸಿದ್ದರಾಮಪ್ಪನ ಒಬ್ಬನೇ ಮಗ. ತಾಯಿ ಅವನು ಸಣ್ಣವನಿದ್ದಾಗಲೇ ಹೋದಳು. ಗಂಡ ತೀರಿಕೊಂಡು ತವರಿಗೆ ಬಂದ ನಾನೇ ಅವನಿಗೆ ತುತ್ತು ಇಟ್ಟು ಬೆಳೆಸಿದೆ. ಈಗ ಮೊಬೈಲಿನಲ್ಲಿ ಬರುವ ಆರ್ಡರುಗಳನ್ನೆಲ್ಲ ಅವನೇ ನೋಡಿಕೊಳ್ಳುತ್ತಾನೆ. ಬುದ್ಧಿವಂತ, ಮಾತು ಕಡಿಮೆ. ಆದರೆ ಮದುವೆಯ ಮಾತು ಬಂದಾಗ ಮಾತ್ರ ವಕೀಲನಾಗುತ್ತಿದ್ದ. ಒಂದು ಹುಡುಗಿ ಎತ್ತರ, ಇನ್ನೊಂದು ಹುಡುಗಿಯ ಊರು ದೂರ, ಮತ್ತೊಬ್ಬಳಿಗೆ ಪಾಪ ಹೆಸರೇ ಸರಿಯಿಲ್ಲ. ಆ ದಿನ ಅಣ್ಣ ಊಟಕ್ಕೆ ಕೂತವನೇ ಹೇಳಿದ.

"ರವಿವಾರ ಬೀಗರು ಮನಿ ನೋಡಾಕ ಬರ್ತಾರ. ಹುಡುಗಿ ಹೆಸರು ಸಾರಿಕಾ. ಈ ಸಲ ಹೆಸರಿಗೆ ಏನೂ ಅನ್ನಂಗಿಲ್ಲ. ಕಟಿಂಗ್ ಮಾಡಿಸ್ಕೊ."

"ಆತಪಾ."

ಅಷ್ಟೇ. ಅಣ್ಣ ಖುಷಿಯಾಗಿ ಇನ್ನೊಂದು ಭಕ್ಕರಿ ಹಾಕಿಸಿಕೊಂಡ. ನಾನು ಹುಡುಗನ ಮುಖ ನೋಡಿದೆ. ಅದು ತೆಗೆದಿಡ್ರಿ, ಬರ್ತೀನಿ ಅನ್ನುವ ಮುಖ.

ಮರುದಿನ ಗುರುವಾರ. ಬೆಳಿಗ್ಗೆ ಸ್ನಾನ ಮಾಡಿ ಬಂದವನು ನನ್ನ ಕಾಲು ಮುಟ್ಟಿದ.

"ಏನಲೇ, ಇವತ್ತ ಯಾವ ಹಬ್ಬ?"

"ಏನಿಲ್ಲತ್ತಿ, ಸುಮ್ನ. ಅಕ್ಕಲಕೋಟಿಗೆ ಹೋಗಿ ಬರ್ತೀನಿ, ವೇದಾಂತನ ಕಡಿ."

ವೇದಾಂತ ಅವನ ಕಾಲೇಜಿನಿಂದಲೂ ಗೆಳೆಯ. ಅಕ್ಕಲಕೋಟೆಯ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರ. ಅಜ್ಜ ಅಲ್ಲಿಯ ಕಚೇರಿಯಲ್ಲಿ ಕಾರಕೂನರಾಗಿದ್ದವರು. ಈಗ ಆ ದೊಡ್ಡ ಹಳೆಯ ಮನೆಯಲ್ಲಿ, ವಾಡೆಯಲ್ಲಿ, ಅವನು ಮತ್ತು ಅವನು ಆಜಿ ಅನ್ನುವ ಅಜ್ಜಿ ಚಂದ್ರಭಾಗಾಬಾಯಿ ಇಬ್ಬರೇ. ನಮ್ಮ ಮನೆಗೆ ಎಷ್ಟು ಬರುತ್ತಾನೆಂದರೆ ಶನಿವಾರ ಬಂತೆಂದರೆ ನಾನು ಕೇಳದೆಯೇ ಅವನ ಪಾಲಿನ ಹಿಟ್ಟನ್ನೂ ನಾದುತ್ತೇನೆ.

ಶೈಲೇಶ ಹೋದ ಮೇಲೆ ಅವನ ಕೋಣೆ ಸ್ವಚ್ಛ ಮಾಡಲು ನಿಂತೆ. ಬೀಗರು ಮನೆ ನೋಡಲು ಬರುತ್ತಾರೆಂದರೆ ಅಡುಗೆಮನೆಯ ಡಬ್ಬಿಯಿಂದ ಹಿಡಿದು ಪಲ್ಲಂಗದ ಕೆಳಗಿನ ಧೂಳಿನವರೆಗೆ ಎಲ್ಲ ನೋಡುತ್ತಾರೆ. ಗೋಡೆಯ ಕಪಾಟಿನ ತುಂಬ ಅವನ ಜಪಾನದ ಚಿತ್ರದ ಪುಸ್ತಕಗಳು. ಹಿಂದೊಮ್ಮೆ ಅವುಗಳಲ್ಲಿ ಒಂದನ್ನು ತೆರೆದು ನೋಡಿದ್ದೆ. ದೊಡ್ಡ ದೊಡ್ಡ ಕಣ್ಣಿನ ಇಬ್ಬರು ಮುಖಕ್ಕೆ ಮುಖ ತಂದು ನಿಂತಿದ್ದರು. "ಇದರಾಗ ಹುಡುಗಿ ಯಾರೋ?" ಅಂತ ಕೇಳಿದ್ದೆ. "ಇಬ್ಬರೂ ಹುಡುಗರೇ ಅತ್ತಿ" ಅಂದಿದ್ದ. "ಹಂಗಾರ ಕೂದಲಾ ಯಾಕ ಹಂಗ ಬಿಟ್ಟಾರ?" ಅಂದದ್ದಕ್ಕೆ ಅವನು ಬಹಳ ಹೊತ್ತು ನಕ್ಕಿದ್ದ. ನಾನೂ ನಕ್ಕು ಸುಮ್ಮನಾಗಿದ್ದೆ.

ಗಾದಿ ಎತ್ತಿದೆ. ಕೆಳಗೆ ಇನ್ನೊಂದು ಪುಸ್ತಕವಿತ್ತು. ಇದು ಅಂಗಡಿಯಿಂದ ತಂದದ್ದಲ್ಲ. ಡ್ರಾಯಿಂಗ್ ಹಾಳೆಗಳ ಮೇಲೆ ಕೈಯಿಂದ ಚಿತ್ರ ಬರೆದು ತಂತಿಯ ಬೈಂಡಿಂಗ್ ಹಾಕಿಸಿದ್ದು. ತೆರೆದೆ.

ಇಬ್ಬರು ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರು. ಕನ್ನಡಕದವನು ವೇದಾಂತ. ಎದುರಿಗೆ ಕೂತವನ ಹುಬ್ಬಿನ ಮೇಲೆ ಗಾಯದ ಕಲೆ. ಅಂಗಡಿಯ ಶಟರಿಗೆ ಜೋತುಬಿದ್ದು ಮಾಡಿಕೊಂಡ ಆ ಗಾಯಕ್ಕೆ ಅರಿಶಿನ ಹಚ್ಚಿದವಳು ನಾನೇ. ವೇದಾಂತ ಅವನ ಬಾಯಿಗೆ ತುತ್ತು ಇಡುತ್ತಿದ್ದ. ಅದು ಗೆಳೆಯರು ಉಣ್ಣುವ ರೀತಿಯಲ್ಲ. ನಾನೂ ಗಂಡನ ಜೊತೆ ಉಂಡವಳೇ, ಅಷ್ಟು ತಿಳಿಯದೆ ಇರುತ್ತದೆಯೇ? ಕಿವಿ ಬಿಸಿಯಾದವು. ಆದರೂ ಹಾಳೆ ತಿರುವಿದೆ, ಆಮೇಲೆ ನೋಡಿದ್ದರಲ್ಲಿ ಈ ಮಾತು ಮರೆತೇ ಹೋಯಿತು.

ಶೈಲೇಶನ ಪಾದಗಳು ಹೋಗಿದ್ದವು. ಮುಂದಿನ ಹಾಳೆಯಲ್ಲಿ ಮೊಣಕಾಲೂ ಇರಲಿಲ್ಲ. ಆಮೇಲೆ ಕೈ ಹೋಯಿತು, ಎದೆಯೊಳಗಿಂದ ಹಿಂದಿನ ಗೋಡೆ ಕಾಣತೊಡಗಿತು. ವೇದಾಂತ ತಾಟು ಹಿಡಿದು ಎದುರಿಗೇ ಕೂತಿದ್ದ, ಇವನು ಮಾತ್ರ ಹಾಳೆಯಿಂದ ಹಾಳೆಗೆ ಕರಗುತ್ತಲೇ ಹೋದ. ಕಡೆಗೆ ಹೊಗೆಯಂಥ ಮುಖ ಒಂದೇ ಉಳಿಯಿತು. ಮತ್ತೆ ತಿರುವಿದೆ. ಒಂದು ಬಾವಿ. ಬಾವಿಯ ಕಟ್ಟೆಯ ಮೇಲೆ ಬರೀ ಚಪ್ಪಲಿ. ಕೊನೆಯ ಹಾಳೆಯಲ್ಲಿ ಖಾಲಿ ಕೋಣೆ, ಅಲ್ಲಿ ವೇದಾಂತ ಒಬ್ಬನೇ ಗೋಡೆ ನೋಡುತ್ತ ಕೂತಿದ್ದ.

ಬಾಯಿಯ ಪಕ್ಕದ ಗುಳ್ಳೆಗಳಲ್ಲಿ ಇಂಗ್ಲಿಷ್ ಮಾತುಗಳಿದ್ದವು. ನನಗೆ ಮರಾಠಿ ಸಲೀಸು, ಕನ್ನಡ ಕೂಡಿಸಿ ಕೂಡಿಸಿ ಓದುತ್ತೇನೆ, ಇಂಗ್ಲಿಷ್ ಬರುವುದಿಲ್ಲ. ಓದುವ ಅಗತ್ಯವೂ ಕಾಣಲಿಲ್ಲ. ಅದು ದೆವ್ವದ ಕಥೆ ಅಂತ ಒಂದು ಕ್ಷಣವೂ ಹೊಳೆಯಲಿಲ್ಲ. ನಮ್ಮ ದೆವ್ವಗಳಿಗೆ ಪಾದ ಇರುತ್ತವೆ, ಹಿಂದುಮುಂದಾಗಿ ತಿರುಗಿರುತ್ತವೆ ಅಷ್ಟೇ. ಪಾದವೇ ಇಲ್ಲದ ದೆವ್ವವನ್ನು ಯಾರೂ ನನಗೆ ಹೇಳಿರಲಿಲ್ಲ.

ಆ ಬಾವಿ ಗೊತ್ತಿತ್ತು. ವೇದಾಂತನ ವಾಡೆಯ ಹಿತ್ತಲಿನದು. ಒಳಗೋಡೆಯ ಕಲ್ಲಿನ ಸಂದಿಯಿಂದ ಔದುಂಬರದ ಗಿಡ ಎದ್ದಿದೆ, ದತ್ತಗುರುವಿನ ಗಿಡ ಅಂತ ಯಾರೂ ಕಡಿಯುವುದಿಲ್ಲ. ಹೋದ ವರ್ಷ ಆ ಊರಿನ ಗುಡಿಗೆ, ಸ್ವಾಮಿಗಳ ದರ್ಶನಕ್ಕೆ ಹೋದಾಗ ಅಲ್ಲಿಯೇ ಚಹಾ ಕುಡಿದಿದ್ದೆವು. ಚಪ್ಪಲಿಯೂ ಗೊತ್ತಿತ್ತು. ಕೆಂಪು ಗೊಂಡೆಯ ಕೊಲ್ಹಾಪುರಿ, ದೀಪಾವಳಿಗೆ ನಾನೇ ಕೊಡಿಸಿದ್ದು. ಬೆಳಿಗ್ಗೆ ಅವನು ಮೆಟ್ಟಿಕೊಂಡು ಹೋದದ್ದೂ ಅದನ್ನೇ.

ಫೋನ್ ಹಚ್ಚಿದೆ. ಸ್ವಿಚ್ ಆಫ್.

ಪುಸ್ತಕವನ್ನು ಟವೆಲ್ಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಕೆಳಗಿಳಿದೆ. ಅಣ್ಣನಿಗೆ ಬಿ.ಪಿ. ಇದೆ, ಅವನಿಗೆ ಹೇಳುವ ಮಾತಲ್ಲ ಇದು.

"ಅಕ್ಕಲಕೋಟಿಗೆ ಹೋಗಿ ಬರ್ತೀನಿ ಅಣ್ಣಾ. ಗುರುವಾರ ಐತಿ, ದರ್ಶನ ಮಾಡ್ಕೊಂಡ ಬರ್ತೀನಿ."

ಸುಮ್ಮನೆ ಬಿಡುವವನಲ್ಲ ಅವನು. ಲಗ್ನದ ಸೀಸನ್ ಅಂತಾನೆ, ಗಿರಾಕಿ ಅಂತಾನೆ. ಆ ದಿನ ಮಾತ್ರ ನನ್ನ ಮುಖ ನೋಡಿ, "ಹೋಗಿ ಬಾ" ಅಂದುಬಿಟ್ಟ.

ಬಸ್ಸಿನಲ್ಲಿ ಕಿಡಕಿಯ ಪಕ್ಕ ಜಾಗ ಸಿಕ್ಕಿತು. ಕುಂಭಾರಿ ಸ್ಟಾಪ್ ಬರುವಷ್ಟರಲ್ಲಿ ಪಕ್ಕದಲ್ಲಿದ್ದ ಹೆಂಗಸು ನನ್ನನ್ನು ಚೆನ್ನಾಗಿ ನೋಡಿಯಾಗಿತ್ತು.

"ಯಾರಿಗ್ರೀ ಬಾಧಾ ಆಗೈತಿ?"

"ಯಾಕ ಕೇಳ್ತೀರಿ?"

"ತುಟಿ ಅಲುಗ್ಯಾಡಾಕತ್ತಾವಲ್ಲ ನಿಮ್ಮವು. ನಮ್ಮ ನಾದಿನಿಗೂ ಆಗಿತ್ರಿ. ಸ್ವಾಮಿಗಳ ಮುಂದ ತಂದ ಕೂಡಿಸಿದ್ವಿ, ಹೋತು."

"ದೆವ್ವ ಹೋತಾ?"

"ಇಲ್ರಿ, ನಾದಿನಿ ಹೋದ್ಲು, ಗಂಡನ ಮನಿಗೆ. ದೆವ್ವ ಇತ್ತೋ ಇಲ್ಲೋ ಆ ಸ್ವಾಮಿಗಷ್ಟ ಗೊತ್ತು."

ಬೇರೆ ದಿನವಾಗಿದ್ದರೆ ಅವಳ ಜೊತೆ ಊರು ಬರುವವರೆಗೂ ನಗುತ್ತಿದ್ದೆ. ಅಂದು ಕಿಡಕಿಯ ಕಡೆ ತಿರುಗಿ ಬೇಡಿಕೊಳ್ಳುತ್ತಲೇ ಇದ್ದೆ. ಸ್ವಾಮೀ, ಹುಡುಗ ಜೀವಂತ ಸಿಗಲಿ. ಮತ್ತೇನೂ ಬೇಡ. ಹೆಂಗಿದ್ರೂ ನಡೀತೈತಿ, ಇದ್ರ ಸಾಕು. ಯಾವತ್ತೂ ಒಂದಕ್ಕೆ ಎರಡು ಕೇಳುವವಳು ನಾನು, ಅಂದು ಸ್ವಾಮಿಗಳ ಜೊತೆ ಚೌಕಾಸಿ ಮಾಡಲಿಲ್ಲ.

ಸ್ಟ್ಯಾಂಡಿನಿಂದ ರಿಕ್ಷಾ ಹಿಡಿದು ವಾಡೆಗೆ ಬಂದೆ. ತಲೆಬಾಗಿಲು ತೆರೆದಿತ್ತು, ಒಳಗೆ ಯಾರ ಸದ್ದೂ ಇರಲಿಲ್ಲ. ಪಡಸಾಲೆ ಹತ್ತದೆ ಬದಿಯ ಸಂದಿಯಿಂದ ನೇರ ಹಿತ್ತಲಿಗೆ ಹೋದೆ.

ಬಾವಿಯ ಕಟ್ಟೆಯ ಮೇಲೆ ಕೆಂಪು ಗೊಂಡೆಯ ಚಪ್ಪಲಿಗಳಿದ್ದವು. ಜೋಡಿಸಿ ಇಟ್ಟಿದ್ದರು, ಮುಖ ಬಾವಿಯ ಕಡೆಗೆ.

ನಾನು ಹೇಗೆ ಕಟ್ಟೆಯವರೆಗೆ ಹೋದೆನೋ ಗೊತ್ತಿಲ್ಲ. ಬಗ್ಗಿ ನೋಡಿದೆ. ಔದುಂಬರದ ಎಲೆಗಳ ಕೆಳಗೆ ನೀರು ಕಪ್ಪಗಿತ್ತು. "ಶೈಲೂ!" ಅಂತ ಕಿರುಚಿದೆ. ಬಾವಿ ನನ್ನ ದನಿಯನ್ನೇ ತಿರುಗಿ ಎಸೆಯಿತು. ಮತ್ತೆ ಕಿರುಚಿದೆ.

"ಏನತ್ತಿ?"

ದನಿ ಬಾವಿಯಿಂದ ಬಂದದ್ದಲ್ಲ. ಬೆನ್ನ ಹಿಂದಿನಿಂದ. ಅಡುಗೆಮನೆಯ ಕಿಡಕಿಯಲ್ಲಿ ಶೈಲೇಶ ನಿಂತಿದ್ದ. ಬಾಯಿ ತುಂಬ ಭಕ್ಕರಿ, ಗಲ್ಲಕ್ಕೆ ಶೇಂಗಾ ಚಟ್ನಿ.

"ಬಾವ್ಯಾಗ ಯಾರನ್ನ ಕರ್ಯಾಕತ್ತೀರಿ?" ಅಂದ.

ಕಟ್ಟೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟೆ. ಅವನು ಬರಿಗಾಲಲ್ಲಿ ಓಡಿ ಬಂದ, ಹಿಂದೆ ನೀರಿನ ತಂಬಿಗೆ ಹಿಡಿದು ವೇದಾಂತ. ಶೈಲೇಶ ಬಗ್ಗಿದ ಕೂಡಲೆ ನಾನು ಅವನ ಕೆನ್ನೆಗೆ ಒಂದು ಬಿಟ್ಟೆ. ಆಮೇಲೆ ಅದೇ ಕೆನ್ನೆ ಹಿಡಿದುಕೊಂಡು ಅತ್ತೆ.

"ಚಪ್ಲಿ ಬಾವಿ ಮ್ಯಾಲ ಯಾಕ ಬಿಟ್ಟಿ, ಸುಡುಗಾಡ್ಯಾ?"

"ಕಾಲ ತೊಳಕೊಂಡ್ನಲ್ಲತ್ತಿ! ಆಜಿ ಕಾಲ ತೊಳೀದ ಯಾರನ್ನೂ ಒಳಗ ಬಿಡೂದಿಲ್ಲ. ಹ್ವಾದ ವರ್ಷ ನೀವೂ ಇಲ್ಲೇ ಬಿಟ್ಟಿದ್ರಿ."

ನಿಜ. ಬಿಟ್ಟಿದ್ದೆ. ಇದೇ ಕಟ್ಟೆ, ಇದೇ ಜಾಗ. ಹೆದರಿಕೆಯಲ್ಲಿ ಅದೊಂದು ನೆನಪಾಗಲಿಲ್ಲ.

"ಫೋನ್ ಯಾಕ ಬಂದ್ ಇಟ್ಟಿ?"

"ಅಪ್ಪಾ ಆ ಹುಡುಗಿ ಫೋಟೋ ಕಳಸೇ ಕಳಸಾಕತ್ತಿದ್ರು."

ವೇದಾಂತ ತಂಬಿಗೆ ಕೊಟ್ಟ. "ನೀರ ಕುಡೀರಿ ಆತ್ಯಾ. ಆಜಿ ಅನ್ನಛತ್ರದಾಗ ಕಾಯಿಪಲ್ಯಾ ಹೆಚ್ಚಲಿಕ್ಕೆ ಹೋಗ್ಯಾಳ. ಆಕಿ ಇದ್ದಿದ್ರ ನಿಮ್ಮ ದನಿ ಕೇಳಿ ಇಡೀ ಓಣಿ ಕೂಡಸ್ತಿದ್ಲು."

ನೀರು ಕುಡಿದೆ. ಕಾಲೂ ತೊಳೆದುಕೊಂಡೆ. ನನ್ನ ಚಪ್ಪಲಿಯನ್ನು ಅವನ ಚಪ್ಪಲಿಯ ಪಕ್ಕ ಬಿಟ್ಟು ಒಳಗೆ ಹೋಗಿ, ಚೀಲದಿಂದ ಪುಸ್ತಕ ತೆಗೆದು ಅವರ ತಾಟಿನ ಮುಂದೆ ಇಟ್ಟೆ.

ಶೈಲೇಶನ ಮುಖದ ಬಣ್ಣ ಹೋಯಿತು. "ನೋಡಿದ್ರಿ?"

"ಕಡೀತನಕ ನೋಡೀನಿ."

ಅವನು ನೆಲ ನೋಡಿದ. ಬಹಳ ಸಣ್ಣ ದನಿಯಲ್ಲಿ, "ಹಂಗಾರ ಕಡಿಗೆ ಏನಾಗ್ತೈತಿ ಅಂತ ನಿಮಗ ತಿಳೀತಲ್ಲ" ಅಂದ.

"ತಿಳೀದೇನು? ಸಾಯ್ತಿ!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವೇದಾಂತ ಪುಸ್ತಕವನ್ನು ನೋಡಿದ, ನನ್ನನ್ನು ನೋಡಿದ, ಬಾಯಿಯ ಮೇಲೆ ಕೈ ಇಟ್ಟುಕೊಂಡ.

"ಆತ್ಯಾ, ಎಲ್ಲಿಂದ ಓದಿದ್ರಿ?"

"ಎಲ್ಲಿಂದ ಅಂದ್ರ? ಪುಸ್ತಕ ಎಲ್ಲಿಂದ ಓದ್ತಾರ, ಮಾಸ್ತರಾ?"

ಅವನು ಪುಸ್ತಕ ಮಗುಚಿ ಹಾಕಿದ. ನಾನು ಹಿಂಬದಿ ಅಂದುಕೊಂಡಿದ್ದ ಕಡೆ ಹೆಸರು ಬರೆದಿತ್ತು. "ಜಪಾನದವ್ರು ಈ ಕಡಿಂದ ಓದ್ತಾರ. ನಾವೂ ಹಂಗೇ ತಗದೀವಿ."

"ಉಲ್ಟಾ?"

"ಅವ್ರಿಗೆ ಅದೇ ಸುಲ್ಟಾ."

ಶೈಲೇಶ ಈಗ ನನ್ನ ಪಕ್ಕ ಸರಿದು ಕೂತ. ಅವನ ದನಿಗೆ ಜೀವ ಬಂದಿತ್ತು. "ಅತ್ತಿ, ಇಲ್ಲಿಂದ ನೋಡ್ರಿ. ಇದು ದೆವ್ವದ ಕಥಿ. ಇಂವ ಖಾಲಿ ಮನ್ಯಾಗ ಒಬ್ಬನ ಇರ್ತಾನ. ಒಂದಿನ ಬಾವ್ಯಾಗ ದೆವ್ವ ಕಾಣ್ತೈತಿ. ಹೆದರೂದ ಬಿಟ್ಟ ಇಂವ ಹೋಗಿ ಕಟ್ಟಿ ಮ್ಯಾಲ ಚಪ್ಲಿ ಇಡ್ತಾನ."

"ದೆವ್ವಕ್ಕ ಪಾದ ಎಲ್ಲವ?"

"ಜಪಾನದ ದೆವ್ವಕ್ಕ ಪಾದ ಇರೂದಿಲ್ಲ. ಗಾಳ್ಯಾಗ ತೇಲ್ತಾವ."

"ಪಾದ ಇಲ್ಲದವಗ ಚಪ್ಲಿ ಯಾಕ ಇಟ್ಟ ಈ ಶಾಣ್ಯಾ?"

"ಮುಂದ ಬರ್ತಾವಂತ ಇಟ್ಟೆ" ಅಂದ ವೇದಾಂತ. ಕಥೆಯೊಳಗಿನವನ ಮಾತನ್ನು ತನ್ನ ಮಾತೆಂದೇ ಆಡಿದ್ದು ಅವನಿಗೆ ಗೊತ್ತಾಗಲಿಲ್ಲ. ನಾನು ತೋರಿಸಿಕೊಡಲಿಲ್ಲ.

ಹಾಳೆಗಳು ಈಗ ಬಲದಿಂದ ಎಡಕ್ಕೆ ಸರಿದವು. ಅದೇ ಚಿತ್ರಗಳು. ವೇದಾಂತ ದಿನಾ ತಾಟು ಬಡಿಸಿ ದೆವ್ವವನ್ನು ಊಟಕ್ಕೆ ಕರೆಯುತ್ತಾನೆ. ಒಂದು ತುತ್ತಿಗೆ ಮುಖ ತಿಳಿಯಾಗುತ್ತದೆ. ಆಮೇಲೆ ಎದೆ ತುಂಬುತ್ತದೆ, ಹಿಂದಿನ ಗೋಡೆ ಕಾಣದಾಗುತ್ತದೆ. ಕೈ ಬರುತ್ತದೆ. ಮೊಣಕಾಲು ಬರುತ್ತದೆ. ಬೆಳಿಗ್ಗೆ ನನ್ನ ಜೀವ ಹಿಂಡಿದ್ದ ಒಂದೊಂದೇ ಹಾಳೆ ಹುಡುಗನನ್ನು ಸ್ವಲ್ಪ ಸ್ವಲ್ಪವಾಗಿ ನನಗೆ ವಾಪಸು ಕೊಟ್ಟಿತು. ಕಡೆಗೆ ಪಾದ, ಒಂದೇ ತಾಟು, ಊಟ. ನಾನು ಸೆರಗಿನಿಂದ ಮುಖ ಒರೆಸಿಕೊಂಡೆ.

"ಅಂವ ಸತ್ತಿದ್ದ ಹೆಂಗ?" ಅಂತ ಕೇಳಿದೆ.

"ಸತ್ತಿಲ್ಲತ್ತಿ. ಯಾರಿಗೂ ಕಾಣೂದಿಲ್ಲ, ಅಷ್ಟ. ಮನ್ಯಾಗ ಎಲ್ಲಾರ ನಡುವ ಅಡ್ಡಾಡತಾನ, ಯಾರೂ ನೋಡೂದಿಲ್ಲ. ಇವಗೊಬ್ಬಗ ಕಾಣ್ತಾನ."

"ನನಗೂ ಕಾಣ್ತಿದ್ದಿಲ್ಲೇನು?"

"ಅರ್ಧಾ ಕಾಣ್ತಿದ್ದೆ."

"ಯಾವ ಅರ್ಧಾ?"

"ಉಣ್ಣೂ ಅರ್ಧಾ."

ವೇದಾಂತ ನಕ್ಕ. ನನಗೂ ನಗು ಬಂತು, ಆದರೆ ಮಾತು ಚುಚ್ಚಿತು. ಆ ಕಪಾಟಿನ ಪುಸ್ತಕವನ್ನು ಅಂದು ಮುಚ್ಚಿಟ್ಟು ನಕ್ಕವಳು ನಾನೇ ಅಲ್ಲವೇ?

"ನೀವಿಬ್ಬರೂ ಹಿಂಗ ಎಂದಿನಿಂದ?"

"ಕಾಲೇಜದಿಂದ" ಅಂದ ಶೈಲೇಶ. ಮುಚ್ಚಿಡುವುದಕ್ಕೆ ಇನ್ನೇನೂ ಇರಲಿಲ್ಲ. "ಇವತ್ತ ಆಜಿಗೆ ಹೇಳಿ, ಸಂಜಿಗೆ ಮನಿಗೆ ಬಂದ ನಿಮಗ, ಅಪ್ಪಗ ಹೇಳಾವ ಇದ್ದೆ. ಹೇಳೂ ಧೈರ್ಯಾ ಬರ್ಲಿ ಅಂತ ಮುಂಜಾನೇನ ಕಾಲ ಮುಟ್ಟಿ ಬಂದೆ. ಒಬ್ಬ ಹುಡುಗಿ ಜನ್ಮಾ ಹಾಳ ಮಾಡೂದ ನನ್ನ ಕೈಲೆ ಆಗೂದಿಲ್ಲ."

"ಮತ್ತ ಆತಪಾ ಯಾಕ ಅಂದಿ?"

"ಅಪ್ಪಾ ಉಣ್ಣಾಕ ಕೂತಿದ್ರು. ತಾಟಿನ ಮುಂದ ಹೆಂಗ ಹೇಳ್ಲಿ?"

ಇಬ್ಬರೂ ನನ್ನ ಬಾಯಿ ನೋಡುತ್ತ ಕೂತರು. ನಾನೇನು ಹೇಳಲಿ? ಬಸ್ಸಿನಲ್ಲಿ ಕೂತು, ಹೆಂಗಿದ್ರೂ ನಡೀತೈತಿ ಅಂತ ನಾನೇ ಬಾಯಿ ಬಿಟ್ಟು ಕೇಳಿದ್ದೆ. ಸ್ವಾಮಿಗಳು ಕೇಳಿದ ಮಾಲು ಕೇಳಿದ ಹಾಗೆ ಕೊಟ್ಟಿದ್ದರು, ಮೇಲೆ ಶೇಂಗಾ ಚಟ್ನಿ ಬೇರೆ. ಮಡಿಕೆ ಬಿಚ್ಚಿ ಮನೆಗೆ ಒಯ್ದ ಮೇಲೆ ಬಣ್ಣ ಬೇರೆ ಬೇಕಿತ್ತು ಅನ್ನುವ ಗಿರಾಕಿಯನ್ನು ನಾನು ಅಂಗಡಿಯ ಮೆಟ್ಟಿಲು ಹತ್ತಿಸುವುದಿಲ್ಲ. ಮತ್ತೆ ಇದರಲ್ಲಿ ನನಗೆ ಹೊಸದೇನಿತ್ತು? ಶನಿವಾರ ಶನಿವಾರ ಇಬ್ಬರಿಗೂ ಬಡಿಸುತ್ತಲೇ ಇದ್ದೆ.

"ಹಸಿವ್ಯಾಗೈತಿ" ಅಂದೆ. "ನನಗೂ ಒಂದ ತಾಟ ಇಡ್ರಿ. ಅಲ್ಲೀತನಕ ಫೋನ್ ಮಾಡ್ತೀನಿ."

ಅಣ್ಣ ಒಂದೇ ರಿಂಗಿಗೆ ಎತ್ತಿದ.

"ಅಣ್ಣಾ, ವೇದಾಂತನ ಮನ್ಯಾಗ ಅದೀನಿ. ಶೈಲೂನೂ ಇಲ್ಲೇ ಅದಾನ."

"ಆರಾಮ ಅದಾನ?"

"ಆರಾಮ ಅದಾನ. ಭಕ್ಕರಿ ತಿನ್ನಾಕತ್ತಾನ."

"ಮುಂಜಾನಿ ನನ್ನ ಕಾಲ ಮುಟ್ಟಿ ಹ್ವಾದ ನೀಲಾ. ಹಂಗ ಎಂದೂ ಮಾಡಿದಾಂವಲ್ಲ. ಫೋಟೋದ ನೆವಾ ಮಾಡಿ ಕಳಿಸೇ ಕಳಿಸಿದ್ನಿ, ಒಂದರೆ ನೋಡ್ಯಾನೇನಂತ. ಆಮ್ಯಾಲ ಫೋನ್ ಹಚ್ಚಿದ್ರ ಬಂದ್. ನೀನೂ ಹಂಗ ಎದ್ದ ಹೊಂಟಿ. ಗಿರಾಕಿಗೆ ಏನ ತೋರಸಾಕತ್ತೀನಿ ಅಂತ ನನಗ ಗೊತ್ತಿಲ್ಲ."

ಅಲ್ಲಿಗೆ, ನಾನೊಬ್ಬಳೇ ಹೆದರಿದವಳಲ್ಲ.

"ರವಿವಾರದ್ದು ಬ್ಯಾಡ ಅಣ್ಣಾ."

"ಈ ಹುಡುಗೀನೂ ಸೇರಲಿಲ್ಲೇನು?"

"ಯಾವ ಹುಡುಗೀನೂ ಸೇರೂದಿಲ್ಲ ಅವಗ. ಯಾಕ ಅನ್ನೂದ ಸಂಜಿಗೆ ಅವನ ಹೇಳ್ತಾನ, ನಾ ಬಾಜೂಕ ಕೂಡ್ತೀನಿ. ನೀ ಬಿ.ಪಿ. ಗುಳಗಿ ತಗೊಂಡ ಕೂಡು."

"ಬೀಗರಿಗೆ ಏನ ಹೇಳ್ಲಿ?"

"ಹುಡುಗಗ ಮನಸಿಲ್ಲ ಅನ್ನು. ಆ ಸಾರಿಕಾನ್ನ ಯಾಕ ಬಾವಿಗೆ ನೂಕೂನು?"

ಅಣ್ಣನಿಗೆ ಅರ್ಥವಾಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ಬಹಳ ವರ್ಷ ಮಾರಾಟ ಮಾಡಿದವನಿಗೆ ಗಿರಾಕಿ ಬಾಯಿ ಬಿಡುವ ಮೊದಲೇ ಅರ್ಧ ತಿಳಿದಿರುತ್ತದೆ.

"ಗುರುವಾರ ಬಸ್ಸಿಗೆ ಗದ್ದಲ ಇರ್ತೈತಿ" ಅಂದ ಕೊನೆಗೆ. "ಗಾಡಿ ಕಳಸ್ತೀನಿ. ಅಂವಗ ಫೋನ್ ಚಾಲೂ ಇಡಾಕ ಹೇಳು."

ಸಂಜೆ ಮನೆಯಲ್ಲಿ ಜಗಳ ಆಗದೆ ಇರುವುದಿಲ್ಲ. ಅಣ್ಣ ಕೂಗಾಡುತ್ತಾನೆ, ಬಣ್ಣ ಸರಿಯಿಲ್ಲ ಅಂತಾನೆ, ಅಂಚು ಸರಿಯಿಲ್ಲ ಅಂತಾನೆ. ಕೂಗಾಡಲಿ. ಆ ಥರದ ಗಿರಾಕಿಯ ಭರವಸೆ ನನಗಿದೆ.

ಊಟಕ್ಕೆ ಕೂತೆ. ಭಕ್ಕರಿ ಒಂದು ಕಡೆ ಸೀದಿತ್ತು, ಮಾಸ್ತರನ ಕೈಯದು. ತಿನ್ನುತ್ತ ಪುಸ್ತಕದ ಕೊನೆಯ ಹಾಳೆಯನ್ನು, ಅಂದರೆ ನನ್ನ ಮೊದಲಿನ ಹಾಳೆಯನ್ನು, ಮತ್ತೆ ನೋಡಿದೆ.

"ಇದ ಮುಗದಿಲ್ಲಲ್ಲೋ."

"ಮುಗದದಲ್ಲ ಆತ್ಯಾ. ಇಬ್ಬರೂ ಉಣ್ಣಾಕತ್ತಾರ."

"ಉಂಡ ಮ್ಯಾಲ? ಚಪ್ಲಿ ಅಲ್ಲೇ ಬಾವಿ ಕಟ್ಟಿ ಮ್ಯಾಲ ಉಳದಾವಲ್ಲ. ಅವು ಇವನ ಕಾಲಿಗೆ ಬರ್ಬೇಕಲ್ಲ? ಅದಕ್ಕಂತನ ನೀ ಇಟ್ಟಿದ್ದು."

"ಅದ ಒಂದ ಹಾಳಿ ನಮಗ ಹೊಳೀಲೇ ಇಲ್ಲ" ಅಂದ ಶೈಲೇಶ ಮೆಲ್ಲಗೆ. ವೇದಾಂತ ಆಗಲೇ ಕೈ ತೊಳೆದು ಪೆನ್ಸಿಲ್ ಹುಡುಕಲು ಎದ್ದಿದ್ದ.

"ಚಪ್ಲಿ ಮುಖಾ ಬಾಗಲಾ ಕಡಿ ತಿರಗಿರಲಿ" ಅಂದೆ. "ನನ್ನಂತಾಕಿ ಯಾರರೆ ಉಲ್ಟಾ ತಗದ್ರ ಮೊದಲ ಅದ ಕಾಣ್ಬೇಕು. ಜೀವಾ ಹೋಗಿ ಬಂತ ನಂದು."

ಗಾಡಿ ಬಂದು ಹಾರ್ನ್ ಹೊಡೆಯುವಷ್ಟರಲ್ಲಿ ಚಿತ್ರ ಪೂರ್ತಿಯಾಗಿರಲಿಲ್ಲ, ಪಾದಗಳು ಮಾತ್ರ ಆಗಿದ್ದವು. ಆಜಿ ಬಂದ ಮೇಲೆ ಏನು ಹೇಳಬೇಕೆಂದು ಇಬ್ಬರೂ ತಲೆಬಾಗಿಲಲ್ಲಿ ಪಿಸಿಪಿಸಿ ಮಾತಾಡಿಕೊಂಡರು. ಆಜಿಗೆ ನಾನೊಬ್ಬನೇ ಹೇಳುತ್ತೇನೆ, ಇವತ್ತು ನೀನು ನಿಮ್ಮಪ್ಪನ ಹತ್ತಿರ ಇರು ಅಂದ ವೇದಾಂತ. ನಾನು ಹಿತ್ತಲಿಗೆ ಹೋಗಿ ಕಟ್ಟೆಯ ಮೇಲಿನ ಕೊಲ್ಹಾಪುರಿಗಳನ್ನು ಎತ್ತಿಕೊಂಡು ಬಂದೆ, ಶೈಲೇಶನ ಕಾಲ ಮುಂದೆ ಇಟ್ಟೆ.

"ಮೆಟ್ಟಿಕೋ. ಅಪ್ಪಾ ದಾರಿ ನೋಡಾಕತ್ತಾನ."